ಮೂವತ್ತು ಗಿಡ ಅಳೆದರೂ ಲೆಕ್ಕಕ್ಕೆ ಮೂರೇ ಯಾಕೆ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಸಂಶೋಧನೆಯ ಅಂಕಿಗಳಲ್ಲಿ ಕಾಣುವ ಏರುಪೇರು ಎಲ್ಲಿಂದ ಬರುತ್ತದೆ, ಎಷ್ಟು ಪಾಲು ಯಾವುದರಿಂದ ಅಂತ ಬಿಡಿಸಿ ನೋಡುವುದು ಹೇಗೆ, ಅನ್ನುವುದು. ಹಾಗಾಗಿ ಅವನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಉದ್ದ ಇದ್ದ ಪತ್ರಗಳನ್ನು ಸ್ವಲ್ಪ ಚಿಕ್ಕದು ಮಾಡಿದ್ದೇನೆ.

ಪ್ರಶ್ನೆ: ಧಾರವಾಡ ಕಡೆಯವನು, ಎಂ.ಎಸ್ಸಿ. ಅಗ್ರಿ ಓದುತ್ತಿದ್ದೇನೆ. ಮೆಣಸಿನ ಗಿಡಕ್ಕೆ ಎರಡು ಥರದ ಗೊಬ್ಬರ ಕೊಟ್ಟು ಹೋಲಿಸಿದೆ. ಆರು ತಾಕು ಮಾಡಿ, ಚೀಟಿ ಎತ್ತಿ, ಮೂರಕ್ಕೆ ಒಂದು ಗೊಬ್ಬರ, ಉಳಿದ ಮೂರಕ್ಕೆ ಇನ್ನೊಂದು. ಪ್ರತಿ ತಾಕಿನಲ್ಲಿ 10 ಗಿಡದ ಎತ್ತರ ಅಳೆದೆ. ಅಂದರೆ ಒಂದೊಂದು ಗೊಬ್ಬರಕ್ಕೆ 30 ಗಿಡ. ಟಿ-ಟೆಸ್ಟ್ (ಎರಡು ಸರಾಸರಿಗಳ ವ್ಯತ್ಯಾಸ ಪರೀಕ್ಷಿಸುವ ಲೆಕ್ಕ) ಮಾಡಿದರೆ ವ್ಯತ್ಯಾಸ ಚೆನ್ನಾಗಿಯೇ ಸಿಗ್ನಿಫಿಕೆಂಟ್ ಬಂತು, ಅಂದರೆ ಬರೀ ಆಕಸ್ಮಿಕ ಅನ್ನಲಾಗದಷ್ಟು. ಗೈಡ್ ನೋಡಿ, ‘ನಿನ್ನ ಎನ್ 30 ಅಲ್ಲಪ್ಪ, 3’ ಅಂದರು (ಎನ್ ಅಂದರೆ ಲೆಕ್ಕಕ್ಕೆ ಹಿಡಿಯುವ ಸಂಖ್ಯೆ). ಅವರು ಹೇಳಿದ ಹಾಗೆ ಮಾಡಿದರೆ ಸಿಗ್ನಿಫಿಕೆನ್ಸೇ ಹೋಯಿತು. ಯಾರು ಸರಿ? ಅಂಕಿಗಳನ್ನು ಜೊತೆಗೆ ಕಳಿಸಿದ್ದೇನೆ.

ಉತ್ತರ: ನಿಮ್ಮ ಗೈಡ್ ಹೇಳಿದ್ದೇ ಸರಿ. ಬಿಸಿಲಲ್ಲಿ ಬಗ್ಗಿ ಅಷ್ಟು ಗಿಡ ಅಳೆದವರಿಗೆ ಇದನ್ನು ಹೇಳುವುದು ನನಗೂ ಕಷ್ಟವೇ. ಆದರೆ ಕಾರಣ ಒಮ್ಮೆ ಗೊತ್ತಾದರೆ ಮುಂದಿನ ಬೆಳೆಗೆ ನೀವು ಇದಕ್ಕಿಂತ ಕಮ್ಮಿ ದುಡಿದು ಇದಕ್ಕಿಂತ ಒಳ್ಳೆಯ ಉತ್ತರ ಪಡೆಯಬಹುದು. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು ಇದನ್ನು ಕೇಳಿಕೊಳ್ಳಿ: ನೀವು ಚೀಟಿ ಎತ್ತಿದ್ದು ಯಾವುದಕ್ಕೆ? ಗಿಡಕ್ಕಲ್ಲ, ತಾಕಿಗೆ. ಗೊಬ್ಬರ ಬಿದ್ದದ್ದೂ ತಾಕಿಗೇ. ಒಂದು ತಾಕಿನಲ್ಲಿರುವ ಹತ್ತೂ ಗಿಡಕ್ಕೆ ಮಣ್ಣಿನ ಆಳ ಒಂದೇ, ನೀರು ನಿಲ್ಲುವ ರೀತಿ ಒಂದೇ, ಹೋದ ವರ್ಷದ ಬೆಳೆ ಬಿಟ್ಟುಹೋದ ಸಾರವೂ ಒಂದೇ. ಹಾಗಾಗಿ ಅವು ಒಟ್ಟಿಗೆ ಏಳುತ್ತವೆ, ಒಟ್ಟಿಗೆ ಬೀಳುತ್ತವೆ. ಒಂದೇ ಮನೆಯ ಹತ್ತು ಜನರನ್ನು ಕೇಳಿ ಹತ್ತು ಮನೆಯ ಅಭಿಪ್ರಾಯ ಸಿಕ್ಕಿತು ಅನ್ನೋಕಾಗಲ್ಲ, ಅಲ್ವಾ? ಇದೂ ಹಾಗೇ.

ಈಗ ನಿಮ್ಮ ಅಂಕಿಗಳನ್ನೇ ನೋಡೋಣ. ಮೊದಲ ಗೊಬ್ಬರದ ಮೂರು ತಾಕಿನ ಸರಾಸರಿ ಎತ್ತರ 42, 47, 49 ಸೆಂ.ಮೀ. ಎರಡನೆಯದು 48, 50, 55. ಒಟ್ಟು ಸರಾಸರಿ 46 ಮತ್ತು 51, ವ್ಯತ್ಯಾಸ 5 ಸೆಂ.ಮೀ. ಒಂದೇ ತಾಕಿನ ಒಳಗೆ ಗಿಡದಿಂದ ಗಿಡಕ್ಕೆ ಇರುವ ವೇರಿಯನ್ಸ್ (ಏರುಪೇರು ಎಷ್ಟು ಅನ್ನುವ ಅಳತೆ) 36, ಅದರ ವರ್ಗಮೂಲ ತೆಗೆದರೆ ಸುಮಾರು 6 ಸೆಂ.ಮೀ. ಆಚೀಚೆ. ನೀವು ಮಾಡಿದ್ದು ಏನು? 30 ಗಿಡವನ್ನೂ ಒಂದೇ ರಾಶಿಗೆ ಹಾಕಿ ಲೆಕ್ಕ ಹಿಡಿದಿರಿ. ಆಗ ವ್ಯತ್ಯಾಸದ ಸ್ಟ್ಯಾಂಡರ್ಡ್ ಎರರ್ (ಆ ವ್ಯತ್ಯಾಸ ಎಷ್ಟು ಅಲ್ಲಾಡಬಹುದು ಅನ್ನುವ ಅಳತೆ) 1.68 ಬಂತು, 5ನ್ನು ಅದರಿಂದ ಭಾಗಿಸಿದ ಟಿ ಬೆಲೆ 2.97 ಬಂತು. 58 ಡಿಗ್ರೀಸ್ ಆಫ್ ಫ್ರೀಡಮ್‌ಗೆ (ಸ್ವತಂತ್ರವಾಗಿ ಬದಲಾಗಬಲ್ಲ ಅಂಕಿಗಳ ಸಂಖ್ಯೆಗೆ) 2.00 ದಾಟಿದರೆ ಸಾಕು, ಆದ್ದರಿಂದ ಸಿಗ್ನಿಫಿಕೆಂಟ್ ಅಂದಿರಿ. ಗೈಡ್ ಹೇಳಿದ್ದು ಹೀಗೆ: ಒಂದು ತಾಕಿಗೆ ಒಂದೇ ಅಂಕಿ, ಅದರ ಸರಾಸರಿ. ತಾಕಿನಿಂದ ತಾಕಿಗೆ ಇರುವ ವೇರಿಯನ್ಸ್ ಎರಡೂ ಗೊಬ್ಬರದಲ್ಲಿ 13. ಸ್ಟ್ಯಾಂಡರ್ಡ್ ಎರರ್ 2.94 ಆಗುತ್ತದೆ, ಟಿ 1.70ಕ್ಕೆ ಇಳಿಯುತ್ತದೆ, ಡಿಗ್ರೀಸ್ ಆಫ್ ಫ್ರೀಡಮ್ 4 ಇರುವಾಗ ದಾಟಬೇಕಾದದ್ದು 2.78. ದಾಟಲಿಲ್ಲ.

ನೋಡಿ, 5 ಸೆಂ.ಮೀ. ವ್ಯತ್ಯಾಸ ಎರಡೂ ಕಡೆ ಅದೇ. ಬದಲಾದದ್ದು ಅದನ್ನು ಯಾವ ಏರುಪೇರಿನ ಪಕ್ಕ ಇಟ್ಟು ನೋಡುತ್ತೀರಿ ಅನ್ನೋದು. ಒಂದೇ ಗೊಬ್ಬರ ಹಾಕಿದ ಎರಡು ತಾಕಿನ ನಡುವೆಯೇ 7 ಸೆಂ.ಮೀ. ವ್ಯತ್ಯಾಸ ಇದೆ, 42 ಮತ್ತು 49. ಗೊಬ್ಬರ ಬದಲಾಯಿಸದೆ 7 ಸಿಗುತ್ತಿರುವಾಗ, ಬದಲಾಯಿಸಿ ಸಿಕ್ಕ 5ನ್ನು ಗೊಬ್ಬರದ ಲೆಕ್ಕಕ್ಕೆ ಬರೆಯಲು ಇನ್ನೂ ಜಾಸ್ತಿ ಸಾಕ್ಷಿ ಬೇಕು.

ಹಾಗಾದರೆ ಗಿಡ ಅಳೆದದ್ದು ವ್ಯರ್ಥವಾ? ಖಂಡಿತ ಇಲ್ಲ. ನಿಮ್ಮ ಕೈಯಲ್ಲಿ ಈಗ ಎರಡು ಮೂಲದ ಏರುಪೇರೂ ಇದೆ, ಅವನ್ನು ಬಿಡಿಸಬಹುದು. ಅನೋವಾ (ಏರುಪೇರನ್ನು ಮೂಲಗಳ ಪ್ರಕಾರ ಹಂಚಿ ತೋರಿಸುವ ಲೆಕ್ಕ) ಟೇಬಲ್ಲಿನಲ್ಲಿ ಒಂದೇ ಗೊಬ್ಬರದ ತಾಕುಗಳ ನಡುವಿನ ಮೀನ್ ಸ್ಕ್ವೇರ್, ಅಂದರೆ ಆ ಮೂಲದ ಏರುಪೇರಿನ ಅಂಕಿ, 130, ತಾಕಿನ ಒಳಗಿನದು 36. ಮೊದಲನೆಯದರಲ್ಲಿ ಎರಡನೆಯದೂ ಸೇರಿಕೊಂಡಿರುತ್ತದೆ, ಆದ್ದರಿಂದ ಕಳೆಯಿರಿ, ತಾಕಿಗೆ 10 ಗಿಡ ಇದ್ದದ್ದರಿಂದ 10ರಿಂದ ಭಾಗಿಸಿ. 9.4 ಬರುತ್ತದೆ. ಇದು ಬರೀ ತಾಕಿನ ಪಾಲು. ಗಿಡದ ಪಾಲು 36. ತಾಕಿನ ಸರಾಸರಿಯ ವೇರಿಯನ್ಸ್ ಅಂದರೆ 9.4ಕ್ಕೆ 36ರ ಹತ್ತನೇ ಒಂದು ಭಾಗ ಸೇರಿಸಿದ್ದು, ಅಂದರೆ 13. ಮೇಲೆ ಬಂದ 13 ಇದೇ.

ಈ ಎರಡು ಅಂಕಿ ಸಿಕ್ಕರೆ ಮುಂದಿನ ಪ್ರಯೋಗವನ್ನು ಕೂತಲ್ಲೇ ಯೋಜಿಸಬಹುದು, ನನಗೆ ಈ ವಿಷಯದಲ್ಲಿ ಅತಿ ಇಷ್ಟವಾದ ಭಾಗ ಇದು. ಈಗ ನಿಮ್ಮ ಒಂದು ಗೊಬ್ಬರದ ಸರಾಸರಿಯ ವೇರಿಯನ್ಸ್ 13 ಭಾಗಿಸು 3, ಅಂದರೆ 4.33. ಅದೇ ಮೂರು ತಾಕಿನಲ್ಲಿ 10ರ ಬದಲು 20 ಗಿಡ ಅಳೆದರೆ? 3.73. ದುಡಿಮೆ ಎರಡು ಪಟ್ಟು, ಲಾಭ ಅಷ್ಟಕ್ಕಷ್ಟೇ. ತಾಕಿನಲ್ಲಿರುವ ಎಲ್ಲ ಗಿಡ, ಎಷ್ಟು ಸಾವಿರ ಇದ್ದರೂ ಅಷ್ಟನ್ನೂ ಅಳೆದರೂ 3.13ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಅದರ ಬದಲು ಒಂದೊಂದು ಗೊಬ್ಬರಕ್ಕೂ ಆರು ತಾಕು ಮಾಡಿ ತಾಕಿಗೆ 5 ಗಿಡ ಅಳೆಯಿರಿ. ಗಿಡ ಅದೇ 30. ವೇರಿಯನ್ಸ್ 2.77! ಹತ್ತು ತಾಕು, ತಾಕಿಗೆ 3 ಗಿಡ ಆದರೆ 2.14. ತಾಕು ಚಿಕ್ಕದು ಮಾಡಿ ಸಂಖ್ಯೆ ಜಾಸ್ತಿ ಮಾಡಿ ಅನ್ನುವುದು ಇದಕ್ಕೇ. ಪಕ್ಕದ ತಾಕಿನ ಗೊಬ್ಬರ ನೀರಿನ ಜೊತೆ ಹರಿದು ಬರದಷ್ಟು ಬದು ಮಾತ್ರ ಇರಲಿ. ಹೀಗೆ ಚಿಕ್ಕದು ಮಾಡಿದ ತಾಕುಗಳಲ್ಲಿ ಏರುಪೇರಿನ ಪಾಲು ಸ್ವಲ್ಪ ಬದಲಾಗಬಹುದು, ಆದರೆ ದಿಕ್ಕು ಇದೇ.

ನೀವೊಬ್ಬರೇ ಹೀಗೆ ಮಾಡಿದ್ದಲ್ಲ. 1984ರಲ್ಲಿ ಅಮೆರಿಕದ ಪರಿಸರ ವಿಜ್ಞಾನಿ ಸ್ಟುವರ್ಟ್ ಹರ್ಲ್‌ಬರ್ಟ್ 176 ಪ್ರಕಟಿತ ಪ್ರಯೋಗಗಳನ್ನು ತೆಗೆದು ನೋಡಿದರು. ಅಂಕಿಅಂಶ ಪರೀಕ್ಷೆ ಬಳಸಿದ್ದವುಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟರಲ್ಲಿ ಇದೇ ತಪ್ಪು ಇತ್ತು. ಅವರು ಇದಕ್ಕೆ ಸ್ಯೂಡೋರೆಪ್ಲಿಕೇಶನ್ ಅಂತ ಹೆಸರಿಟ್ಟರು. ಥೀಸಿಸ್‌ನಲ್ಲಿ ಎರಡು ವೇರಿಯನ್ಸನ್ನೂ ಬರೆಯಿರಿ, ಮುಂದಿನ ಪ್ರಯೋಗಕ್ಕೆ ಎಷ್ಟು ತಾಕು ಬೇಕು ಅಂತ ಲೆಕ್ಕ ಹಾಕಿ ತೋರಿಸಿ. ಸಿಗ್ನಿಫಿಕೆಂಟ್ ಬರಲಿಲ್ಲ ಅನ್ನುವುದಕ್ಕಿಂತ ಅದು ನಿಮ್ಮ ನಂತರ ಬರುವ ವಿದ್ಯಾರ್ಥಿಗೆ ಹೆಚ್ಚು ಉಪಯೋಗ.

ಪ್ರಶ್ನೆ: ರಾಯಚೂರಿನಿಂದ. ಭತ್ತದಲ್ಲಿ ಸ್ಪ್ಲಿಟ್ ಪ್ಲಾಟ್ ಪ್ರಯೋಗ ಮಾಡಿದ್ದೇವೆ. ದೊಡ್ಡ ತಾಕಿಗೆ ನೀರಾವರಿ ವಿಧಾನ, ಅದರೊಳಗಿನ ಚಿಕ್ಕ ತಾಕುಗಳಿಗೆ ತಳಿ. ಟೇಬಲ್ಲಿನಲ್ಲಿ ಎರರ್ ಎ, ಎರರ್ ಬಿ ಅಂತ ಎರಡು ಬರುತ್ತದೆ. ಒಂದೇ ಹೊಲ, ಒಂದೇ ಬೆಳೆ, ಎರಡು ಎರರ್ ಯಾಕೆ? ಎರಡನ್ನೂ ಕೂಡಿಸಿ ಒಂದು ಮಾಡಬಾರದಾ?

ಉತ್ತರ: ಮಾಡಬಾರದು. ನೀವು ಎರಡು ಸಲ ಚೀಟಿ ಎತ್ತಿದ್ದೀರಿ. ಮೊದಲ ಸಲ ದೊಡ್ಡ ತಾಕಿಗೆ ನೀರಾವರಿ ಹಂಚಲು, ಎರಡನೇ ಸಲ ಅದರ ಒಳಗೆ ತಳಿ ಹಂಚಲು. ನೀರಾವರಿಯನ್ನು ಹೋಲಿಸುವಾಗ ಎದುರಿಗೆ ಬರುವುದು ದೊಡ್ಡ ತಾಕಿನಿಂದ ದೊಡ್ಡ ತಾಕಿಗೆ ಇರುವ ಏರುಪೇರು. ಕಾಲುವೆಗೆ ಹತ್ತಿರ ಇರುವುದು, ದೂರ ಇರುವುದು, ಒಂದು ಕಡೆ ಎರೆಮಣ್ಣು ಗಟ್ಟಿ, ಇನ್ನೊಂದು ಕಡೆ ಸಡಿಲ. ತಳಿ ಹೋಲಿಸುವಾಗ ಎಲ್ಲ ತಳಿಯೂ ಒಂದೇ ದೊಡ್ಡ ತಾಕಿನಲ್ಲಿ ಇರುವುದರಿಂದ ಆ ಏರುಪೇರು ಕಳೆದುಹೋಗುತ್ತದೆ, ಉಳಿಯುವುದು ಚಿಕ್ಕ ತಾಕುಗಳ ನಡುವಿನದು ಮಾತ್ರ. ಸಾಮಾನ್ಯವಾಗಿ ಎರರ್ ಎ ದೊಡ್ಡದು, ಎರರ್ ಬಿ ಚಿಕ್ಕದು. ಎರಡನ್ನೂ ಕಲಸಿದರೆ ನೀರಾವರಿ ಬಗ್ಗೆ ಇಲ್ಲದ ಧೈರ್ಯ ಬರುತ್ತದೆ, ತಳಿ ಬಗ್ಗೆ ಇರಬೇಕಾದ ಧೈರ್ಯ ಹೋಗುತ್ತದೆ.

ಇದು ಸುಲಭಕ್ಕೆ ಹೊಳೆಯುವ ವಿಷಯ ಅಲ್ಲ. ಈ ಇಡೀ ವಿಧಾನವನ್ನು ಕಟ್ಟಿದ ಆರ್.ಎ. ಫಿಶರ್ ಅವರಿಗೂ ಮೊದಲ ಸಲಕ್ಕೆ ಹೊಳೆದಿರಲಿಲ್ಲ. ಅವರು 1919ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ ಸೇರಿದರು. ಅಲ್ಲಿ ಬ್ರಾಡ್‌ಬಾಕ್ ಅನ್ನುವ ಹೊಲದಲ್ಲಿ 1843ರಿಂದ ಗೋಧಿ ಬೆಳೆದು ಇಳುವರಿ ಬರೆದಿಡುತ್ತಾ ಬಂದಿದ್ದರು, ಇವತ್ತಿಗೂ ಬೆಳೆಯುತ್ತಿದ್ದಾರೆ. 1923ರಲ್ಲಿ ಫಿಶರ್ ಮತ್ತು ಮೆಕೆಂಝಿ 12 ಆಲೂಗಡ್ಡೆ ತಳಿಗಳ ಮೇಲೆ ಗೊಬ್ಬರದ ಪರಿಣಾಮ ಕುರಿತ ಪ್ರಬಂಧ ಪ್ರಕಟಿಸಿದರು. ಆ ಪ್ರಯೋಗದಲ್ಲೂ ತಾಕಿನೊಳಗೆ ತಾಕು ಇತ್ತು, ಆದರೆ ಅವರು ಎಲ್ಲದಕ್ಕೂ ಒಂದೇ ಎರರ್ ಬಳಸಿದ್ದರು. 1925ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಅದೇ ಆಲೂಗಡ್ಡೆ ಅಂಕಿಗಳನ್ನು ತೆಗೆದುಕೊಂಡು ಎರಡು ಎರರ್ ಬೇರೆ ಮಾಡಿ ತೋರಿಸಿದರು. ಎರಡೇ ವರ್ಷದಲ್ಲಿ ತಮ್ಮದೇ ಲೆಕ್ಕವನ್ನು ತಿದ್ದಿಕೊಂಡ ಆ ಮನುಷ್ಯನ ಮೇಲೆ ನನಗೆ ಬಹಳ ಗೌರವ.

ಪ್ರಶ್ನೆ: ನಾನು ಸರ್ಕಾರಿ ಶಾಲೆಯಲ್ಲಿ ಗಣಿತ ಶಿಕ್ಷಕಿ. ಏಳನೇ ತರಗತಿಯ ಎ ಸೆಕ್ಷನ್‌ಗೆ ಹೊಸ ವಿಧಾನದಲ್ಲಿ ಭಿನ್ನರಾಶಿ ಕಲಿಸಿದೆ, ಬಿ ಸೆಕ್ಷನ್‌ಗೆ ಹಳೆಯ ವಿಧಾನದಲ್ಲಿ. ಎರಡರಲ್ಲೂ 40 ಮಕ್ಕಳು. ಎ ಸೆಕ್ಷನ್‌ಗೆ ಸರಾಸರಿ 6 ಅಂಕ ಜಾಸ್ತಿ ಬಂತು. ಕ್ರಿಯಾ ಸಂಶೋಧನೆಯ ವರದಿಗೆ ಯಾವ ಟೆಸ್ಟ್ ಹಾಕಲಿ?

ಉತ್ತರ: ಮೇಡಂ, ನಿಮ್ಮ ಮಕ್ಕಳು ಕಲಿತದ್ದು ನಿಜ, ಅದರ ಬಗ್ಗೆ ಅನುಮಾನ ಬೇಡ. ಆದರೆ ಆ 6 ಅಂಕ ವಿಧಾನದಿಂದ ಬಂತು ಅಂತ ತೋರಿಸುವ ಟೆಸ್ಟ್ ಯಾವುದೂ ಇಲ್ಲ. ಒಂದು ವಿಧಾನಕ್ಕೆ ಒಂದೇ ಸೆಕ್ಷನ್ ಇದೆ. ಎ ಸೆಕ್ಷನ್‌ನವರು ಮೊದಲೇ ಚುರುಕಿರಬಹುದು, ಅವರಿಗೆ ಗಣಿತ ಬೆಳಗ್ಗೆ ಇದ್ದು ಬಿ ಸೆಕ್ಷನ್‌ಗೆ ಊಟದ ನಂತರ ಇದ್ದಿರಬಹುದು. ಸೆಕ್ಷನ್‌ನಿಂದ ಸೆಕ್ಷನ್‌ಗೆ ಸುಮ್ನೆ ಎಷ್ಟು ಏರುಪೇರು ಇರುತ್ತದೆ ಅನ್ನುವುದನ್ನು ಒಂದೊಂದೇ ಸೆಕ್ಷನ್ ಇಟ್ಟುಕೊಂಡು ಅಳೆಯಲು ಆಗುವುದಿಲ್ಲ. ಮೊದಲೇ ಒಂದು ಪರೀಕ್ಷೆ ಕೊಟ್ಟಿದ್ದರೆ ಮಕ್ಕಳ ನಡುವಿನ ಹಳೆಯ ವ್ಯತ್ಯಾಸ ಸ್ವಲ್ಪ ಕಳೆಯಬಹುದು, ಸೆಕ್ಷನ್‌ನ ಪಾಲು ಆಗಲೂ ಉಳಿದೇ ಉಳಿಯುತ್ತದೆ.

ಅಕ್ಕಪಕ್ಕದ ಶಾಲೆಗಳ ಶಿಕ್ಷಕರನ್ನು ಸೇರಿಸಿಕೊಂಡು ಮಾಡಿದರೆ ದಾರಿ ಇದೆ. ಆಗಲೂ ಮಕ್ಕಳ ತಲೆ ಎಣಿಸಿ ಮೋಸ ಹೋಗಬೇಡಿ. 20 ಸೆಕ್ಷನ್, ಸೆಕ್ಷನ್‌ಗೆ 40 ಮಕ್ಕಳು ಅಂದುಕೊಳ್ಳಿ, ಒಟ್ಟು 800. ಅಂಕಗಳ ಒಟ್ಟು ಏರುಪೇರಿನಲ್ಲಿ ಐದರಲ್ಲಿ ಒಂದು ಪಾಲು, ಅಂದರೆ 0.2, ಸೆಕ್ಷನ್‌ನಿಂದ ಬರುತ್ತದೆ ಅಂತ ಇಟ್ಟುಕೊಳ್ಳಿ. 40ರಲ್ಲಿ ಒಂದು ಕಳೆದು 0.2ರಿಂದ ಗುಣಿಸಿ ಒಂದು ಕೂಡಿಸಿದರೆ 8.8. 800ನ್ನು ಅದರಿಂದ ಭಾಗಿಸಿದರೆ 91. ಅಂದರೆ 800 ಮಕ್ಕಳ ಅಂಕಗಳು ಒಬ್ಬರಿಗೊಬ್ಬರು ಸಂಬಂಧವಿಲ್ಲದ 91 ಮಕ್ಕಳಷ್ಟು ಮಾತ್ರ ಮಾಹಿತಿ ಕೊಡುತ್ತವೆ. ಆ 8.8ಕ್ಕೆ ಡಿಸೈನ್ ಎಫೆಕ್ಟ್ ಅನ್ನುತ್ತಾರೆ. ಮೇಲಿನ ಮೆಣಸಿನ ಗಿಡದ ಲೆಕ್ಕಕ್ಕೆ ಇದನ್ನೇ ಹಾಕಿದರೆ ತಾಕಿನ ಪಾಲು ಸುಮಾರು 0.21 ಬರುತ್ತದೆ, 30 ಗಿಡ ಹತ್ತೂವರೆ ಗಿಡದಷ್ಟಾಗುತ್ತದೆ.

ಸದ್ಯದ ವರದಿಯಲ್ಲಿ ಪಿ ಬೆಲೆ (ಸಿಗ್ನಿಫಿಕೆಂಟ್ ಹೌದೋ ಅಲ್ಲವೋ ಅಂತ ನೋಡುವ ಅಂಕಿ) ಬರೆಯಬೇಡಿ. ಯಾವ ಮಗು ಯಾವ ಲೆಕ್ಕದಲ್ಲಿ ಎಲ್ಲಿ ಎಡವುತ್ತಿತ್ತು, ಈಗ ಹೇಗೆ ಮಾಡುತ್ತಿದೆ ಅಂತ ಬರೆಯಿರಿ. ಅದು ಓದುವ ಇನ್ನೊಬ್ಬ ಶಿಕ್ಷಕರಿಗೆ ಕೈಗೆ ಸಿಗುವಂಥದ್ದು.

ಪ್ರಶ್ನೆ: ಉಡುಪಿ ಕಡೆ ನರ್ಸ್ ಆಗಿದ್ದೇನೆ, ಎಂ.ಎಸ್ಸಿ. ನರ್ಸಿಂಗ್ ಪ್ರಬಂಧಕ್ಕೆ ಬಿಪಿ ಅಳೆಯುತ್ತಿದ್ದೇನೆ. ಒಬ್ಬರದ್ದೇ ಬಿಪಿ ಒಂದು ಸಲ 138, ಐದು ನಿಮಿಷ ಬಿಟ್ಟು 130, ಮರುದಿನ 146. ಮಿಷನ್ ಸರಿ ಇಲ್ವಾ, ನಾನು ಸರಿ ಇಲ್ವಾ, ಅಥವಾ ಅವರ ಬಿಪಿಯೇ ಹಾಗಾ? ಒಂದೇ ಸಲಕ್ಕೆ ಐದು ಸಲ ಅಳೆದು ಸರಾಸರಿ ತೆಗೆದರೆ ಸಾಕಾ?

ಉತ್ತರ: ಮೂರೂ ಇರಬಹುದು, ಮೂರನ್ನೂ ಬೇರೆ ಮಾಡಲು ನಿಮ್ಮ ಅಳತೆಗಳನ್ನು ಹಾಗೆ ಜೋಡಿಸಬೇಕು. ಮನುಷ್ಯನ ಬಿಪಿ ನಿಂತ ನೀರಲ್ಲ, ನಿಜವಾಗಿಯೂ ದಿನದಿಂದ ದಿನಕ್ಕೆ ಬದಲಾಗುತ್ತದೆ, ಒಂದೇ ದಿನದಲ್ಲಿ ಬೆಳಗ್ಗೆ ರಾತ್ರಿ ಬೇರೆ ಇರುತ್ತದೆ, ಮಾತಾಡಿದರೆ ಏರುತ್ತದೆ, ಆಸ್ಪತ್ರೆ ನೋಡಿದರೇ ಕೆಲವರಿಗೆ ಏರುತ್ತದೆ. ಅಳೆಯುವವರ ಪಾಲೂ ಇದೆ. ಪಾದರಸದ ಹಳೆಯ ಮಾಪಕದಲ್ಲಿ ಓದುವವರು ಕೊನೆಯ ಅಂಕಿಯನ್ನು 0ಗೆ ಅಥವಾ 5ಕ್ಕೆ ತಂದು ಬರೆಯುವುದು ಸಂಶೋಧಕರಿಗೆ ಚೆನ್ನಾಗಿ ಗೊತ್ತಿರುವ ವಿಷಯ. ನಿಮ್ಮ ನೋಟ್‌ಬುಕ್ಕಿನ ಹಿಂದಿನ ನೂರು ಓದುಗಳನ್ನು ತೆಗೆದು ಕೊನೆಯ ಅಂಕಿ ಮಾತ್ರ ಎಣಿಸಿ ನೋಡಿ, ನಿಮಗೇ ಗೊತ್ತಾಗುತ್ತದೆ. 0 ಮತ್ತು 5ರಲ್ಲೇ ಗುಂಪಾಗಿದ್ದರೆ ಅದು ಬಿಪಿಯ ಏರುಪೇರಲ್ಲ, ಕಣ್ಣಿನದು.

ಐದು ಸಲದ ಸರಾಸರಿ ಬಗ್ಗೆ: ಒಂದೇ ಕೂತಿನಲ್ಲಿ ತೆಗೆದ ಐದು ಅಳತೆ ಆ ಕೂತಿನ ಒಳಗಿನ ಏರುಪೇರನ್ನು ಮಾತ್ರ ಕಮ್ಮಿ ಮಾಡುತ್ತದೆ. ಆ ದಿನ ಅವರು ನಿದ್ದೆಗೆಟ್ಟು ಬಂದಿದ್ದರೆ ಐದೂ ಅಳತೆ ಮೇಲೇ ಇರುತ್ತವೆ. ಮೆಣಸಿನ ತಾಕಿನ ಲೆಕ್ಕವೇ ಇದು: ದಿನ ಅಂದರೆ ತಾಕು, ಅಳತೆ ಅಂದರೆ ಗಿಡ. ಮೂರು ಬೇರೆ ಬೇರೆ ದಿನ, ದಿನಕ್ಕೆ ಎರಡು ಅಳತೆ, ಇದು ಒಂದೇ ದಿನದ ಆರಕ್ಕಿಂತ ಬಹಳ ಒಳ್ಳೆಯದು. ಜೊತೆಗೆ ಒಂದಿಷ್ಟು ಜನರನ್ನು ನೀವೂ ಇನ್ನೊಬ್ಬ ನರ್ಸೂ ಒಬ್ಬರ ಓದು ಇನ್ನೊಬ್ಬರಿಗೆ ಹೇಳದೆ ಅಳೆಯಿರಿ. ಆಗ ವ್ಯಕ್ತಿ, ದಿನ, ಅಳೆಯುವವರು, ಉಳಿದದ್ದು ಅಂತ ನಾಲ್ಕು ಪಾಲು ಬಿಡಿಸಬಹುದು. ಬರೀ ಎರಡು ನರ್ಸ್ ಇದ್ದಾಗ ಅಳೆಯುವವರ ಪಾಲು ಒರಟು ಅಂದಾಜು ಅಷ್ಟೇ, ಅದನ್ನು ಪ್ರಬಂಧದಲ್ಲಿ ಹಾಗೇ ಹೇಳಿ.

ಇನ್ನೊಂದು ಮಾತು. ಕೈಗೆ ಕಟ್ಟುವ ಪಟ್ಟಿ ಚಿಕ್ಕದಾಗಿದ್ದರೆ ದಪ್ಪ ಕೈಯವರ ಬಿಪಿ ಪ್ರತಿ ಸಲವೂ ಜಾಸ್ತಿಯೇ ತೋರಿಸುತ್ತದೆ. ಇದು ಏರುಪೇರು ಅಲ್ಲ, ಒಂದೇ ಕಡೆಗೆ ವಾಲಿದ ತಪ್ಪು. ಸಾವಿರ ಸಲ ಅಳೆದು ಸರಾಸರಿ ತೆಗೆದರೂ ಹೋಗುವುದಿಲ್ಲ, ಯಾವ ಅನೋವಾದಲ್ಲೂ ಕಾಣುವುದಿಲ್ಲ. ಪಟ್ಟಿ ಬದಲಾಯಿಸಲೇಬೇಕು. ಹಾಗೆಯೇ, ಮೊದಲ ದಿನ ಬಿಪಿ ಜಾಸ್ತಿ ಇದ್ದವರನ್ನೇ ಆರಿಸಿ ಒಂದು ವಾರ ಬಿಟ್ಟು ಅಳೆದರೆ ಏನೂ ಮಾಡದಿದ್ದರೂ ಗುಂಪಿನ ಸರಾಸರಿ ಇಳಿದಿರುತ್ತದೆ, ಯಾಕೆಂದರೆ ಆ ದಿನ ಆಕಸ್ಮಿಕವಾಗಿ ಮೇಲಿದ್ದವರೂ ನಿಮ್ಮ ಗುಂಪಿನಲ್ಲಿ ಸೇರಿದ್ದಾರೆ. ಯೋಗದಿಂದಲೋ ಕಷಾಯದಿಂದಲೋ ಬಿಪಿ ಇಳಿಯಿತು ಅನ್ನುವ ಎಷ್ಟೋ ಚಿಕ್ಕ ಅಧ್ಯಯನಗಳಲ್ಲಿ ಇದು ಅಡಗಿರುತ್ತದೆ. ಹೋಲಿಸಲು ಇನ್ನೊಂದು ಗುಂಪು ಇರಲೇಬೇಕು, ದಯವಿಟ್ಟು.

ಪ್ರಶ್ನೆ: ಫಿಕ್ಸೆಡ್ ಎಫೆಕ್ಟ್, ರ‍್ಯಾಂಡಮ್ ಎಫೆಕ್ಟ್. ಎಷ್ಟು ಓದಿದರೂ ಪರೀಕ್ಷೆಗೆ ಮಾತ್ರ ನೆನಪಿರುತ್ತದೆ, ಡೇಟಾ ಮುಂದೆ ಕೂತರೆ ಮರೆತುಹೋಗುತ್ತದೆ. ಸುಲಭವಾಗಿ ಹೇಳಿ ಸರ್.

ಉತ್ತರ: ಇದನ್ನು ಸ್ಪಷ್ಟವಾಗಿ ಎರಡು ಮಾದರಿ ಅಂತ ಬಿಡಿಸಿ ಬರೆದದ್ದು ಚರ್ಚಿಲ್ ಐಸೆನ್‌ಹಾರ್ಟ್, 1947ರಲ್ಲಿ. ಡೇಟಾ ಮುಂದೆ ಕೂತಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಪ್ರಯೋಗ ಮತ್ತೆ ಮಾಡಿದರೆ ಇವೇ ಬರಬೇಕಾ, ಬೇರೆ ಬಂದರೂ ನಡೆಯುತ್ತಾ? ಯೂರಿಯಾ ಮತ್ತು ಕೊಟ್ಟಿಗೆ ಗೊಬ್ಬರ ಹೋಲಿಸುತ್ತಿದ್ದರೆ ಮುಂದಿನ ಸಲವೂ ಅವೇ ಬೇಕು, ಅದು ಫಿಕ್ಸೆಡ್. ತಾಕು, ರೋಗಿ, ಲ್ಯಾಬಿಗೆ ಬಂದ ರಾಸಾಯನಿಕದ ಬ್ಯಾಚ್, ಇವು ಬೇರೆ ಬಂದರೂ ನಡೆಯುತ್ತದೆ, ನಿಮಗೆ ಆ ಒಂದು ಬ್ಯಾಚಿನ ಮೇಲೆ ಆಸಕ್ತಿ ಇಲ್ಲ, ಬ್ಯಾಚ್‌ನಿಂದ ಬ್ಯಾಚ್‌ಗೆ ಎಷ್ಟು ವ್ಯತ್ಯಾಸ ಇರುತ್ತೆ ಅನ್ನುವುದರಲ್ಲಿ ಆಸಕ್ತಿ. ಅದು ರ‍್ಯಾಂಡಮ್. ಮುಂಗಾರು ಮತ್ತು ಹಿಂಗಾರು ಫಿಕ್ಸೆಡ್, ವರ್ಷ ರ‍್ಯಾಂಡಮ್.

ತೊಂದರೆ ಬರುವುದು ವರ್ಷದ ವಿಷಯದಲ್ಲೇ. ಮೂರು ವರ್ಷದ ಪ್ರಯೋಗ ಅಂದರೆ ವರ್ಷಗಳಿಂದ ಎತ್ತಿದ ಸ್ಯಾಂಪಲ್ ಮೂರೇ. ಮೂರು ಅಂಕಿಯಿಂದ ವೇರಿಯನ್ಸ್ ಅಂದಾಜು ಮಾಡಿದರೆ ಅದು ಎತ್ತ ಬೇಕಾದರೂ ಹಾರಬಹುದು. ನಾಲ್ಕೈದಕ್ಕಿಂತ ಕಮ್ಮಿ ಇದ್ದಾಗ ಬಹಳ ಜನ ಫಿಕ್ಸೆಡ್ ಅಂತಲೇ ಹಾಕುತ್ತಾರೆ, ನಾನೂ ಅದನ್ನೇ ಹೇಳುತ್ತೇನೆ, ಆದರೆ ಆಗ ತೀರ್ಮಾನ ಆ ಮೂರು ವರ್ಷಕ್ಕೆ ಮಾತ್ರ. ಮೂರರಲ್ಲಿ ಒಂದು ಬರ ಬಿದ್ದ ವರ್ಷ ಆಗಿದ್ದರಂತೂ ಇನ್ನೂ ಹುಷಾರಾಗಿರಿ.

ಪ್ರಶ್ನೆ: ಮೈಸೂರಿನಿಂದ, ಪಿಎಚ್.ಡಿ. ವಿದ್ಯಾರ್ಥಿನಿ. ಗಿಡಗಳನ್ನು ಕುಂಡದಲ್ಲಿ ಬೆಳೆಸಿ ಅಳೆದೆ, ಕುಂಡಕ್ಕೆ ನಾಲ್ಕು ಗಿಡ. ಸೂತ್ರ ಹಾಕಿದರೆ ಕುಂಡದ ವೇರಿಯನ್ಸ್ ಮೈನಸ್ ಬಂತು! ವೇರಿಯನ್ಸ್ ಮೈನಸ್ ಆಗಲು ಸಾಧ್ಯವೇ ಇಲ್ಲ ಅಲ್ವಾ? ಸಾಫ್ಟ್‌ವೇರ್‌ನಲ್ಲಿ ಸೊನ್ನೆ ತೋರಿಸುತ್ತದೆ.

ಉತ್ತರ: ನಿಜವಾದ ವೇರಿಯನ್ಸ್ ಮೈನಸ್ ಆಗುವುದಿಲ್ಲ, ಆದರೆ ನೀವು ಲೆಕ್ಕ ಹಾಕಿದ್ದು ಅದರ ಅಂದಾಜು. ಅದು ಒಂದು ಮೀನ್ ಸ್ಕ್ವೇರ್‌ನಿಂದ ಇನ್ನೊಂದನ್ನು ಕಳೆದು ಬರುವಂಥದ್ದು. ಎರಡೂ ಸ್ವಲ್ಪ ಅಲ್ಲಾಡುತ್ತವೆ. ಕುಂಡದ ಪಾಲು ನಿಜಕ್ಕೂ ಚಿಕ್ಕದಿದ್ದರೆ, ಅಥವಾ ಕುಂಡಗಳು ಕಮ್ಮಿ ಇದ್ದರೆ, ಕಳೆದಾಗ ಮೈನಸ್ ಬರುವುದು ಸಹಜ. ಸಾಫ್ಟ್‌ವೇರ್ ಪಾಲುಗಳನ್ನು ಅಂದಾಜು ಮಾಡುವ ರೆಮ್ಲ್ ಅನ್ನುವ ವಿಧಾನ ಬಳಸಿ ಸೊನ್ನೆಗೆ ನಿಲ್ಲಿಸುತ್ತದೆ. ಅದು ಕೆಟ್ಟಿಲ್ಲ.

ಆರ್ ಸಾಫ್ಟ್‌ವೇರ್‌ನ ಎಲ್‌ಎಂಇ4 ಪ್ಯಾಕೇಜ್‌ನಲ್ಲಿ ಡೈಸ್ಟಫ್ ಅಂತ ಒಂದು ಡೇಟಾ ಇದೆ. ಬಟ್ಟೆ ಬಣ್ಣದ ಕಾರ್ಖಾನೆಯದ್ದು, ಆರು ಬ್ಯಾಚ್, ಬ್ಯಾಚಿಗೆ ಐದು ಅಳತೆ. ಅದರಲ್ಲಿ ಬ್ಯಾಚ್ ನಡುವಿನ ಮೀನ್ ಸ್ಕ್ವೇರ್ 11271, ಒಳಗಿನದು 2451. ಕಳೆದು ಐದರಿಂದ ಭಾಗಿಸಿದರೆ 1764, ಅಂದರೆ ಒಟ್ಟು ಏರುಪೇರಿನ ಸುಮಾರು 42 ಶೇಕಡಾ ಬ್ಯಾಚಿನದ್ದು. ಪಕ್ಕದಲ್ಲೇ ಡೈಸ್ಟಫ್2 ಅಂತ ಇನ್ನೊಂದು ಇದೆ. ಅದರಲ್ಲಿ ಬ್ಯಾಚಿನ ಪಾಲು ಸೊನ್ನೆ ಬರುತ್ತದೆ, ಇಂಥ ಸಂದರ್ಭ ತೋರಿಸಲೆಂದೇ ಮಾಡಿದ್ದು. ಎರಡನ್ನೂ ಒಂದು ಸಲ ನೀವೇ ಓಡಿಸಿ ನೋಡಿ, ಭಯ ಹೋಗುತ್ತದೆ.

ಆದರೆ ನಿಮ್ಮ ವಿಷಯದಲ್ಲಿ ನನಗೆ ಇನ್ನೊಂದು ಅನುಮಾನ ಇದೆ. ಒಂದು ಕುಂಡದಲ್ಲಿ ನಾಲ್ಕು ಗಿಡ. ಮಣ್ಣು ಅಷ್ಟೇ, ನೀರು ಅಷ್ಟೇ. ಒಂದು ಗಿಡ ಬೇಗ ಎದ್ದರೆ ಬೆಳಕೂ ಸಾರವೂ ಅದೇ ಎಳೆದುಕೊಳ್ಳುತ್ತದೆ, ಪಕ್ಕದ್ದು ಬಡವಾಗುತ್ತದೆ. ಆಗ ಕುಂಡದ ಒಳಗೆ ವ್ಯತ್ಯಾಸ ಜಾಸ್ತಿ, ಕುಂಡಗಳ ಸರಾಸರಿ ಮಾತ್ರ ಎಲ್ಲ ಒಂದೇ ಥರ. ಇಂಥ ಕಡೆ ಮೈನಸ್ ಅನ್ನುವುದು ಆಕಸ್ಮಿಕ ಅಲ್ಲ, ಗಿಡಗಳ ಪೈಪೋಟಿಯೇ ಅಂಕಿಯಲ್ಲಿ ಕಾಣಿಸಿಕೊಂಡದ್ದು. ಪ್ರತಿ ಕುಂಡದಲ್ಲೂ ಒಂದು ದೊಡ್ಡದು, ಉಳಿದವು ಸಣ್ಣ ಇವೆಯಾ ಅಂತ ನಿಮ್ಮ ಅಂಕಿಗಳಲ್ಲೇ ಹುಡುಕಿ. ಇದ್ದರೆ ಅದನ್ನು ಬರೆಯಿರಿ, ಒಳ್ಳೆಯ ವಿಷಯ ಅದು. ಏನೇ ಆದರೂ ಸೊನ್ನೆ ಬಂತು ಅಂತ ಮಾದರಿಯಿಂದ ಕುಂಡವನ್ನು ತೆಗೆದುಹಾಕಿ ಪ್ರತಿ ಗಿಡವನ್ನೂ ಬೇರೆ ಬೇರೆ ಅಂತ ಎಣಿಸಬೇಡಿ. ಔಷಧಿ ಕೊಟ್ಟದ್ದು ಕುಂಡಕ್ಕಾದರೆ ಕುಂಡವೇ ಲೆಕ್ಕ.

ಪ್ರಶ್ನೆ: ಹೂವಿನಹಡಗಲಿಯಿಂದ. ನಮ್ಮೂರಲ್ಲಿ ಹುಟ್ಟಿದ ಅಂಕಿಅಂಶ ವಿಜ್ಞಾನಿ ಸಿ.ಆರ್. ರಾವ್ ಅವರಿಗೂ ಈ ವಿಷಯಕ್ಕೂ ಸಂಬಂಧ ಇದೆ ಅಂತ ಕೇಳಿದ್ದೇನೆ. ಏನು ಮಾಡಿದರು?

ಉತ್ತರ: ಇದೆ, ನೇರ ಸಂಬಂಧವೇ ಇದೆ. ರಾವ್ ಹುಟ್ಟಿದ್ದು 1920ರ ಸೆಪ್ಟೆಂಬರ್ 10ರಂದು ನಿಮ್ಮ ಊರಿನಲ್ಲಿ, ತೆಲುಗು ಮನೆತನ. ಓದಿದ್ದು ಆಂಧ್ರದಲ್ಲಿ, ಆಮೇಲೆ ಕಲ್ಕತ್ತೆಯಲ್ಲಿ ಮಹಲನೋಬಿಸ್ ಕಟ್ಟಿದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಸೇರಿದರು. ಕೇಂಬ್ರಿಜ್‌ನಲ್ಲಿ ಪಿಎಚ್.ಡಿ. ಮಾಡಿದ್ದು ಫಿಶರ್ ಅವರ ಕೈಕೆಳಗೇ.

ಅವರು ಕೈ ಹಾಕುವ ಹೊತ್ತಿಗೆ ಸಮಸ್ಯೆ ಹೀಗಿತ್ತು. ಒಂದೇ ಮೂಲದಿಂದ ಬಂದ ಏರುಪೇರು ಇಡೀ ಗುಂಪಿಗೆ ಅಂಟಿಕೊಳ್ಳುತ್ತದೆ ಅನ್ನುವುದು ಹಳೆಯ ಮಾತು. 1861ರಲ್ಲೇ ಇಂಗ್ಲೆಂಡಿನ ಖಗೋಳ ವಿಜ್ಞಾನಿ ಜಾರ್ಜ್ ಏರಿ, ಒಂದು ರಾತ್ರಿ ಮಾಡಿದ ಎಲ್ಲ ವೀಕ್ಷಣೆಗೂ ಆ ರಾತ್ರಿಯದೇ ಒಂದು ತಪ್ಪು ಸೇರಿರುತ್ತದೆ ಅಂತ ಬರೆದಿದ್ದರು. ಫಿಶರ್ ಕೊಟ್ಟ ಅನೋವಾದಿಂದ ಪಾಲು ಬಿಡಿಸುವುದು ಸುಲಭ, ಆದರೆ ಪ್ರತಿ ಗುಂಪಿನಲ್ಲೂ ಸಮ ಸಂಖ್ಯೆ ಇದ್ದರೆ ಮಾತ್ರ. ಹೊಲದಲ್ಲಿ ಹಾಗೆ ಇಡಬಹುದು. ಹಸುಗಳಲ್ಲಿ ಆಗುತ್ತಾ? ಒಂದು ಹೋರಿಗೆ ಐದು ಹೆಣ್ಣುಕರು, ಇನ್ನೊಂದಕ್ಕೆ ಐನೂರು. ಹಾಲಿನ ಇಳುವರಿಯಲ್ಲಿ ಹೋರಿಯ ಪಾಲೆಷ್ಟು, ಕೊಟ್ಟಿಗೆಯ ಪಾಲೆಷ್ಟು ಅಂತ ಬಿಡಿಸಬೇಕು. ಇದಕ್ಕೆ ಅಮೆರಿಕದ ಕಾರ್ನೆಲ್‌ನ ಸಿ.ಆರ್. ಹೆಂಡರ್ಸನ್ 1953ರಲ್ಲಿ ಮೂರು ವಿಧಾನ ಕೊಟ್ಟರು. ಲೆಕ್ಕ ಬಂತು, ಆದರೆ ಇರುವ ಅನೇಕ ಅಂದಾಜುಗಳಲ್ಲಿ ಯಾವುದು ಉತ್ತಮ ಅಂತ ಹೇಳುವ ಸಿದ್ಧಾಂತ ಇರಲಿಲ್ಲ.

ರಾವ್ 1970ರಿಂದ 72ರವರೆಗೆ ಬರೆದ ಪ್ರಬಂಧಗಳಲ್ಲಿ ಆ ಸಿದ್ಧಾಂತ ಕೊಟ್ಟರು. ಅದರ ಹೆಸರು ಮಿನ್‌ಕ್ಯೂ. ಅಂಕಿಗಳು ಗಂಟೆಯಾಕಾರದ ನಾರ್ಮಲ್ ಹಂಚಿಕೆಯಲ್ಲೇ ಇರಬೇಕು ಅನ್ನುವ ಷರತ್ತು ಅದಕ್ಕೆ ಬೇಡ, ಗುಂಪುಗಳು ಅಸಮ ಇದ್ದರೂ ನಡೆಯುತ್ತದೆ. ಪಾಲುಗಳ ಬಗ್ಗೆ ಮೊದಲು ಒಂದು ಊಹೆ ಕೊಡಬೇಕು, ಅದರಿಂದ ಅಂದಾಜು ಬರುತ್ತದೆ. ಆ ಅಂದಾಜನ್ನೇ ಮತ್ತೆ ಊಹೆಯಾಗಿ ಕೊಟ್ಟು ನಿಲ್ಲುವವರೆಗೆ ತಿರುಗಿಸಿದರೆ ರೆಮ್ಲ್ ಸಮೀಕರಣಗಳಿಗೇ ತಲುಪುತ್ತದೆ. ರೆಮ್ಲ್ ಅನ್ನು ಪ್ಯಾಟರ್ಸನ್ ಮತ್ತು ಥಾಂಪ್ಸನ್ 1971ರಲ್ಲಿ ಬೇರೆಯೇ ದಾರಿಯಿಂದ ಕೊಟ್ಟಿದ್ದರು, ಈಗ ಎಲ್ಲ ಸಾಫ್ಟ್‌ವೇರ್‌ನಲ್ಲೂ ಇರುವುದು ಅದೇ. ಎರಡು ದಾರಿ ಒಂದೇ ಕಡೆ ಸೇರಿದ್ದು ನೋಡಿದಾಗ ಈ ವಿಷಯದ ಮೇಲೆ ನಂಬಿಕೆ ಗಟ್ಟಿಯಾಗುತ್ತದೆ. ರಾವ್ 2023ರಲ್ಲಿ ಅಂತರರಾಷ್ಟ್ರೀಯ ಸ್ಟ್ಯಾಟಿಸ್ಟಿಕ್ಸ್ ಪ್ರಶಸ್ತಿ ಪಡೆದರು, ಅದೇ ವರ್ಷದ ಆಗಸ್ಟ್‌ನಲ್ಲಿ 102ನೇ ವಯಸ್ಸಿನಲ್ಲಿ ತೀರಿಕೊಂಡರು. ನಿಮ್ಮೂರಿನ ಶಾಲೆ ಮಕ್ಕಳಿಗೆ ಅವರ ಹೆಸರು ಗೊತ್ತಿರಬೇಕು ಅಂತ ನನ್ನ ಆಸೆ.

ಪ್ರಶ್ನೆ: ಮುಂದಿನ ತಿಂಗಳು ಪ್ರಯೋಗ ಶುರು. ಸಾಫ್ಟ್‌ವೇರ್ ಗೊತ್ತಿಲ್ಲ, ಎಕ್ಸೆಲ್ ಮಾತ್ರ ಬರುತ್ತದೆ. ಆಗುತ್ತಾ? ಈಗಲೇ ಏನು ಮಾಡಿಟ್ಟುಕೊಳ್ಳಲಿ?

ಉತ್ತರ: ಗುಂಪುಗಳು ಸಮ ಇದ್ದು ಏರುಪೇರಿನ ಮೂಲ ಎರಡೇ ಇದ್ದರೆ ಎಕ್ಸೆಲ್ ಸಾಕು. ಸಿಂಗಲ್ ಫ್ಯಾಕ್ಟರ್ ಅನೋವಾ ಮಾಡಿ, ಎರಡು ಮೀನ್ ಸ್ಕ್ವೇರ್ ತೆಗೆದುಕೊಂಡು ಮೇಲೆ ತೋರಿಸಿದ ಹಾಗೆ ಕೈಯಲ್ಲೇ ಕಳೆದು ಭಾಗಿಸಿ. ಅಸಮ ಇದ್ದರೆ, ಮೂರು ಮೂಲ ಇದ್ದರೆ ಆರ್ ಕಲಿಯಿರಿ, ಉಚಿತವಾಗಿ ಸಿಗುತ್ತದೆ.

ಅದಕ್ಕಿಂತ ಮುಖ್ಯ ನಿಮ್ಮ ಶೀಟ್. ಒಂದು ಅಳತೆಗೆ ಒಂದು ಸಾಲು. ಸರಾಸರಿ ತೆಗೆದು ಬರೆಯಬೇಡಿ, ಬರೆದ ಮೇಲೆ ಒಳಗಿನ ಏರುಪೇರು ಮತ್ತೆ ಸಿಗುವುದಿಲ್ಲ. ತಾಕಿನ ನಂಬರ್, ಗಿಡದ ನಂಬರ್, ಅಳೆದ ದಿನ ಮತ್ತು ಹೊತ್ತು, ಅಳೆದವರು ಯಾರು, ಯಾವ ಸಾಧನ, ಯಾವ ಬ್ಯಾಚಿನ ರಾಸಾಯನಿಕ, ಪ್ರತಿಯೊಂದಕ್ಕೂ ಒಂದು ಕಾಲಂ. ತಾಕಿಗೆ 1ರಿಂದ 6 ಅಂತ ಬೇರೆ ಬೇರೆ ನಂಬರ್ ಕೊಡಿ, ಎರಡೂ ಗೊಬ್ಬರಕ್ಕೆ 1, 2, 3 ಅಂತ ಕೊಟ್ಟರೆ ಸಾಫ್ಟ್‌ವೇರ್ ಎರಡು ಬೇರೆ ತಾಕನ್ನು ಒಂದೇ ಅಂತ ತಿಳಿಯುತ್ತದೆ. ಇಬ್ಬರು ಅಳೆಯುವುದಾದರೆ ಒಬ್ಬರು ಒಂದು ಗೊಬ್ಬರ, ಇನ್ನೊಬ್ಬರು ಇನ್ನೊಂದು ಅಂತ ಹಂಚಿಕೊಳ್ಳಬೇಡಿ, ಇಬ್ಬರೂ ಎಲ್ಲ ತಾಕಿಗೂ ಹೋಗಿ. ಚೀಟಿ ಎತ್ತಿದ ಕಾಗದದ ಫೋಟೋ ತೆಗೆದು ಶೀಟ್ ಜೊತೆಗೇ ಇಡಿ. ಪ್ರಯೋಗ ಶುರು ಮಾಡುವ ಮೊದಲು ಆ ಖಾಲಿ ಶೀಟ್ ಕಳಿಸಿ, ನೋಡಿ ಹೇಳುತ್ತೇನೆ.